ಖಾಲಿ ಡ್ರೈವಿನ ಸದ್ದು

ಹೆಂಡತಿ ಕುಸುಮಾವತಿಯನ್ನು ಕೂರಿಸಿಕೊಂಡ ಆಟೋ ಕ್ವಾರ್ಟರ್ಸಿನ ತಿರುವು ದಾಟಿದ ಮೇಲೆ ಗೇಟು ಹಾಕಿ ಒಳಗೆ ಬಂದ ಜನಾರ್ದನ, ದೀಪ ಹಾಕದೆಯೇ ಕಂಪ್ಯೂಟರಿನ ಮುಂದೆ ಕೂತ. ಏನಾದರೂ ಮಾಡಬೇಕೆಂದು ಕೂತದ್ದಲ್ಲ. ಬೆಳಗ್ಗೆ ಎದ್ದು ಮೊದಲು ಕೂರುವ ಜಾಗ ಅದಾಗಿ ಹೋಗಿತ್ತು. ಅವಳು ಮಾಡಿಟ್ಟು ಹೋದ ಕಾಫಿ ಫ್ಲಾಸ್ಕಿನಲ್ಲಿತ್ತು. ಮಾನಿಟರಿನ ಗುಂಡಿ ಒತ್ತಿದಾಗ ಪರದೆ ಎಂದಿನಂತೆ ಒಮ್ಮೆ ನಡುಗಿ ನಿಂತಿತು. ಕಪ್ಪಿನ ಮೇಲೆ ಬಿಳಿಯ ಸಾಲುಗಳು, ಒಂದರ ಕೆಳಗೊಂದು, ಎಲ್ಲವೂ ಹೆಚ್ಚುಕಡಿಮೆ ಒಂದೇ ಮಾತು ಹೇಳುತ್ತಿದ್ದವು: ಫ್ಲಾಪಿಯ ಇಂಥ ಜಾಗದಲ್ಲಿ ಬರೆಯಲು ಹೋದೆ, ಆಗಲಿಲ್ಲ, ಮತ್ತೆ ಹೋದೆ, ಆಗಲಿಲ್ಲ. ದೂರಿನ ದನಿಯಿಲ್ಲದ, ಯಾರನ್ನೂ ಹೆಸರಿಸದ ಸಾಲುಗಳು. ಅವನು ಅವನ್ನು ಮೇಲಿನಿಂದ ಕೆಳಕ್ಕೆ ಓದಿದ, ಮತ್ತೆ ಕೆಳಗಿನಿಂದ ಮೇಲಕ್ಕೆ ಓದಿದ. ಹಾಗೆ ಓದಿದರೆ ಅರ್ಥ ಬೇರೆಯಾದೀತು ಎಂಬಂತೆ. ಆಗಲಿಲ್ಲ. ಅವಳ ಚೀಲದಲ್ಲಿ, ಪ್ಲಾಸ್ಟಿಕ್ ಡಬ್ಬಿಯೊಳಗೆ, ಕರ್ಚೀಫಿನಲ್ಲಿ ಸುತ್ತಿಕೊಂಡು ಎರ್ನಾಕುಲಂ ಕಡೆಗೆ ಹೋಗುತ್ತಿರುವ ಫ್ಲಾಪಿ ಖಾಲಿಯಾಗಿತ್ತು.

ಎರ್ನಾಕುಲಂನಲ್ಲಿ ಸಮುದ್ರಜೀವಿಗಳ ಮೇಲೆ ಕೆಲಸ ಮಾಡುವ ಒಂದು ಸರಕಾರಿ ಕಚೇರಿಯಲ್ಲಿ ಅವಳಿಗೆ ಇಂದು ಇಂಟರ್‌ವ್ಯೂ. ಮಧ್ಯಾಹ್ನ ಊಟವಾದ ಮೇಲೆ ಒಬ್ಬೊಬ್ಬರೂ ತಮ್ಮ ಕೆಲಸದ ಬಗ್ಗೆ ಸ್ವಲ್ಪ ಹೊತ್ತು ಮಾತಾಡಬೇಕು. ಅದಕ್ಕೆ ಮೊದಲು ಕೆಲಸದ ಸಾರಾಂಶವನ್ನು ಕಮಿಟಿಯವರಿಗೆ ಹಂಚಬೇಕು. ಫ್ಲಾಪಿ ತಂದರೆ ಇಲ್ಲೇ ಪ್ರಿಂಟ್ ಮಾಡಿಕೊಡುತ್ತೇವೆ ಎಂದು ಬರೆದಿದ್ದರು. ಮಂಗಳೂರಿನಲ್ಲಿ ಎಂ.ಎಸ್ಸಿ. ಮಾಡಿದವಳು ಮದುವೆಯಾಗಿ ತಿರುವನಂತಪುರಕ್ಕೆ ಬಂದಮೇಲೆ ಶಾಲೆಯೊಂದರಲ್ಲಿ ಕಪ್ಪೆಯ ಹೃದಯದ ಚಿತ್ರ ಬರೆಸುತ್ತಾ ವರ್ಷಗಳನ್ನು ಕಳೆದಿದ್ದಳು. ಆಮೇಲೆ ಯಾವುದೋ ಕಾಲೇಜಿನವರ ಜೊತೆ ಸೇರಿ ಭಾನುವಾರಗಳಂದು ಕೊಲ್ಲಂಗೆ ಹೋಗಿ, ಅಷ್ಟಮುಡಿ ಕಾಯಲು ಎಂಬ ಹಿನ್ನೀರಿನ ಕೆಸರಿನಲ್ಲಿ ಮೊಣಕಾಲಷ್ಟು ಇಳಿದು ಚಿಪ್ಪುಗಳನ್ನು ಎಣಿಸತೊಡಗಿದಳು. ನಾರಿಗಾಗಿ ತೆಂಗಿನ ಸಿಪ್ಪೆ ಕೊಳೆಹಾಕುವ ದಂಡೆಗಳಲ್ಲಿ ಚಿಪ್ಪುಗಳು ಎಷ್ಟು ದೂರದವರೆಗೆ ಸಾಯುತ್ತವೆ, ಎಲ್ಲಿಂದ ಮತ್ತೆ ಬದುಕತೊಡಗುತ್ತವೆ, ಅದು ಅವಳ ಕೆಲಸ. ಅದನ್ನೇ ಬರೆದಿದ್ದಳು. ಬರೆದದ್ದು ಈ ಕಂಪ್ಯೂಟರಿನ ಪೆಟ್ಟಿಗೆಯೊಳಗಿತ್ತು, ಫ್ಲಾಪಿಯಲ್ಲಿರಲಿಲ್ಲ. ಕೆಲಸ ಸಿಕ್ಕಿದರೆ ಅವಳು ತ್ರಿಪ್ಪುಣಿತ್ತುರದಲ್ಲಿ ಒಂದು ಕೋಣೆ ಹಿಡಿಯಬೇಕು, ವಾರಕ್ಕೊಮ್ಮೆ ಮನೆಗೆ ಬರಬೇಕು.

ಈ ಪೆಟ್ಟಿಗೆಗೆ, ವಿಂಡೋಸ್ ತೆಗೆದು, ಲಿನಕ್ಸ್ ಹಾಕಿದವನು ಅವನೇ. ಅವನು ಕೆಲಸ ಮಾಡುವ ರಾಕೆಟ್ ಸಂಸ್ಥೆಯಲ್ಲಿ ಅದನ್ನು ಬಲ್ಲವರು ಕೆಲವೇ ಮಂದಿ ಇದ್ದ ಕಾಲದಲ್ಲಿ, ಯಾರದೋ ಸಿ.ಡಿ.ಯಿಂದ ಫ್ಲಾಪಿಗಳಿಗೆ ಇಳಿಸಿಕೊಂಡು, ಪೂಜೆಗೆ ಹೂ ಜೋಡಿಸಿದಂತೆ ಮೇಜಿನ ಮೇಲೆ ಸಾಲಾಗಿ ಇಟ್ಟುಕೊಂಡು, ಓಣಂ ರಜೆಯನ್ನೆಲ್ಲ ಅದರಲ್ಲೇ ಕಳೆದಿದ್ದ. ನಡುವೆ ಒಂದು ಫ್ಲಾಪಿ ಕೆಟ್ಟು ಮೊದಲಿನಿಂದ ಶುರುಮಾಡಬೇಕಾಯಿತು. ಮಾನಿಟರಿಗೆ ತಪ್ಪು ಅಂಕಿ ಕೊಟ್ಟದ್ದರಿಂದ ಅದು ಜೀರುಂಡೆಯಂತೆ ಕಿರುಚಿ ಸುಟ್ಟ ವಾಸನೆ ಬಂತು. ಡಿಸ್ಕನ್ನು ಪಾಲು ಮಾಡುವಾಗ, ಹಳೆಯ ವಿಂಡೋಸ್ ಇರಲಿ, ಒಂದು ಮೂಲೆಯಲ್ಲಿ ಬಿದ್ದಿರಲಿ ಎಂದು ಕುಸುಮಾವತಿ ಅಂದಿದ್ದಳು. ಮಗಳು ನಿಶಾಳ ಆಟಗಳು ಅದರಲ್ಲಿದ್ದವು. ಎರಡು ದೋಣಿಯಲ್ಲಿ ಕಾಲಿಟ್ಟರೆ ಯಾವುದೂ ಕಲಿಯುವುದಿಲ್ಲ ಎಂದು ಅವನು ಪೂರ್ತಿ ಅಳಿಸಿದ್ದ. ಒಳಗೆ ಏನು ನಡೆಯುತ್ತದೆಂದು ತಿಳಿಯದೆ ಚಿತ್ರಗಳನ್ನು ಒತ್ತುತ್ತಾ ಕೂರುವವರ ಬಗ್ಗೆ, ಮುಖ್ಯವಾಗಿ ಪಕ್ಕದ ಬೀದಿಯ ಬ್ಯಾಂಕಿನ ಶ್ರೀಪತಿಯ ಬಗ್ಗೆ, ಅವನಿಗೆ ಒಂದು ತಾತ್ಸಾರವಿತ್ತು. ಶ್ರೀಪತಿಯ ಮನೆಗೆ ಕಂಪ್ಯೂಟರು ಬಂದ ಸಂಜೆಯೇ ಅವನ ಹೆಂಡತಿ ಸೀತಮ್ಮ ಅದರಲ್ಲಿ ಶ್ರಾವಣದ ಕರೆಯೋಲೆ ಹೊಡೆದು ಪ್ರಿಂಟ್ ಮಾಡಿ ಹಂಚಿದ್ದರು. ಜನಾರ್ದನ ಅದನ್ನು ಕೈಯಲ್ಲಿ ಹಿಡಿದು, ಸುತ್ತಲಿನ ಗುಲಾಬಿ ಬಳ್ಳಿಯ ಅಂಚನ್ನು ನೋಡಿ ನಕ್ಕಿದ್ದ.

ನಗು ಈಗ ನೆನಪಾದದ್ದು ಯಾಕೆಂದು ತಿಳಿಯದೆ ಅವನು ಹೊಸ ಫ್ಲಾಪಿ ಹಾಕಿದ. ಈ ವ್ಯವಸ್ಥೆಯಲ್ಲಿ ಫ್ಲಾಪಿಯನ್ನು ತೂರಿಸಿದ ಮಾತ್ರಕ್ಕೆ ಆಗುವುದಿಲ್ಲ. ಯಜಮಾನನ ಪಾಸ್‌ವರ್ಡ್ ಕೊಟ್ಟು ಅದನ್ನು ಕೂಡಿಸಿಕೊಳ್ಳಬೇಕು. ಫೈಲನ್ನು ಅದಕ್ಕೆ ಕಳಿಸು ಎಂದರೆ ತಕ್ಷಣ ಆಯಿತೆಂದು ತೋರಿಸುತ್ತದೆ, ಆದರೆ ಬರೆದಿರುವುದಿಲ್ಲ. ಮನಸ್ಸಿನಲ್ಲಿಟ್ಟುಕೊಂಡು ತನಗೆ ಬಿಡುವಾದಾಗ ಬರೆಯುತ್ತದೆ. ಆದ್ದರಿಂದ ತೆಗೆಯುವ ಮೊದಲು ಬಿಡಿಸುವ ಆಜ್ಞೆ ಕೊಡಬೇಕು, ದೀಪ ಹತ್ತಿ ಆರುವವರೆಗೆ ಕಾಯಬೇಕು. ಪಾಸ್‌ವರ್ಡ್ ಅವನಲ್ಲಿ ಮಾತ್ರ ಇತ್ತು. ಹಾಗಾಗಿ ಮನೆಯಲ್ಲಿ ಒಂದು ರೂಢಿ ತಾನಾಗಿ ಬೆಳೆದಿತ್ತು. ಅವಳೋ ನಿಶಾಳೋ ಕೆಲಸ ಮುಗಿಸಿ "ತೆಗೆಯುದಾ?" ಎಂದು ಕೇಳುವುದು, ಅವನು ಎದ್ದು ಬಂದು, ನಿಂತುಕೊಂಡೇ ಎರಡು ಕೈಯಿಂದ ಟಪಟಪ ಹೊಡೆದು, ದೀಪ ಆರಿದ ಮೇಲೆ "ಹೂಂ" ಎನ್ನುವುದು. ಹೂಂ ಎಂದ ಮೇಲೆ ತೆಗೆಯುವುದು. ಅವನು ಸಂಸ್ಥೆಯಲ್ಲಿದ್ದಾಗ ಅವಳು ಫೋನು ಮಾಡಿ, ಹಾಕಿದ ಫ್ಲಾಪಿ ಸಂಜೆಯವರೆಗೆ ಒಳಗೇ ಇರಲಾ ಎಂದು ಕೇಳಿದ್ದೂ ಉಂಟು. ಮೀಟಿಂಗಿನಲ್ಲಿದ್ದವರು ಮುಖ ನೋಡಿದ್ದರು. ಇರಲಿ ಎಂದಿದ್ದ. ಕೇಳಿದಳಲ್ಲ ಎಂದು ಒಳಗೊಳಗೆ ಏನೋ ಬೆಚ್ಚಗಾಗಿತ್ತು.

ಈಗ ಅವನು ಆಜ್ಞೆ ಕೊಟ್ಟ. ಡ್ರೈವು ಗೊರಗುಟ್ಟಿತು, ಹಸಿರು ದೀಪ ಹತ್ತಿತು, ಆರಿತು. ತೆಗೆದು ಅಂಗಿಯ ಜೇಬಿನಲ್ಲಿಟ್ಟುಕೊಂಡ. ನಿಶಾ ಕಣ್ಣುಜ್ಜಿಕೊಳ್ಳುತ್ತಾ ಬಂದು ಬಾಗಿಲಲ್ಲಿ ನಿಂತಿದ್ದಳು. "ಇನ್ನ್ ಆಫೀಸಿಲ್ಲೇ?", ಇವತ್ತು ಆಫೀಸಿಲ್ಲವಾ, ಎಂದಳು. ಕನ್ನಡ ಅವಳಿಗೆ ಅರ್ಥವಾಗುತ್ತಿತ್ತು. ಉತ್ತರ ಮಾತ್ರ ಮಲಯಾಳದಲ್ಲೇ ಬರುತ್ತಿತ್ತು. ಇವತ್ತು ರಜೆ ಹಾಕುತ್ತೇನೆ, ಎರ್ನಾಕುಲಂಗೆ ಹೋಗಬೇಕು ಎಂದ. ಅಮ್ಮ ಏನಾದರೂ ಮರೆತಳಾ ಎಂದು ಕೇಳಿದಳು. ಅವನು ಚಪ್ಪಲಿಯ ಪಟ್ಟಿ ಸರಿಮಾಡಿಕೊಳ್ಳಲು ಬಗ್ಗಿದವನು, ಬಗ್ಗಿದಲ್ಲಿಂದಲೇ "ಹೂಂ" ಎಂದ.

ತಂಬಾನೂರಿನ ನಿಲ್ದಾಣದಲ್ಲಿ ಎರ್ನಾಕುಲಂ ಸೂಪರ್‌ಫಾಸ್ಟ್ ಬಸ್ಸು ಹೊರಡುವುದರಲ್ಲಿತ್ತು. ಹಿಂದಿನ ಸೀಟಿನಲ್ಲಿ, ಕಿಟಕಿಗೂ ಒಬ್ಬ ದಪ್ಪ ಮನುಷ್ಯನಿಗೂ ನಡುವೆ ಜಾಗ ಸಿಕ್ಕಿತು. ಆ ಮನುಷ್ಯ ಆಟ್ಟಿಂಗಲ್ ಬರುವ ಮೊದಲೇ ನಿದ್ದೆ ಹೋಗಿ ತಲೆಯನ್ನು ಇವನ ಭುಜದ ಮೇಲೆ ಇಳಿಬಿಟ್ಟ. ಸರಿಸಿದರೆ ಎಚ್ಚರವಾದೀತೆಂದು ಜನಾರ್ದನ ಮೈ ಹಿಡಿ ಮಾಡಿಕೊಂಡು ಕೂತ. ಜೇಬಿನಲ್ಲಿದ್ದ ಫ್ಲಾಪಿಯ ಅಂಚು ಎದೆಗೆ ಒತ್ತುತ್ತಿತ್ತು. ಫೋನು ಮಾಡಬಹುದಿತ್ತು ಎಂದು ಆಗ ಹೊಳೆಯಿತು. ಕಚೇರಿಯ ನಂಬರನ್ನು ಹೇಗಾದರೂ ಹುಡುಕಿ, ಕುಸುಮಾವತಿ ಎಂಬವರು ಬಂದರೆ ನಿಮ್ಮ ಫ್ಲಾಪಿ ಖಾಲಿ ಇದೆ ಎಂದು ತಿಳಿಸಿ ಎನ್ನಬಹುದಿತ್ತು. ಯಾರು ಮಾತಾಡುವುದು ಎಂದು ಅವರು ಕೇಳುತ್ತಿದ್ದರು. ಗಂಡ. ಖಾಲಿ ಎಂದು ನಿಮಗೆ ಹೇಗೆ ಗೊತ್ತು? ಅಲ್ಲಿಗೆ ಯೋಚನೆ ನಿಂತಿತು. ಖಾಲಿ ಎಂದು ಅವನಿಗೆ ಹೇಗೆ ಗೊತ್ತು? ಪರದೆಯ ಸಾಲುಗಳಿಂದ. ಬೆಳಗ್ಗೆ. ಬೆಳಗ್ಗೆಯೇ, ಎಂದು ತನಗೆ ತಾನೇ ಒತ್ತಿ ಹೇಳಿಕೊಂಡ. ಹಾಗೆ ಒತ್ತಿ ಹೇಳಬೇಕಾಗಿ ಬಂದದ್ದಕ್ಕೆ ಕಿಟಕಿಯ ಕಡೆ ಮುಖ ತಿರುಗಿಸಿದ.

ಅವಳು ಮೊದಲ ಸಲ ಇದರಲ್ಲಿ ಬರೆಯಲು ಕೂತ ದಿನ ಅವನು ಹಾಕಿಕೊಟ್ಟದ್ದು ತಾನು ಬಳಸುವ ಎಡಿಟರನ್ನೇ. ಅದರಲ್ಲಿ ಅಕ್ಷರ ಒತ್ತಿದರೆ ಅಕ್ಷರ ಬರುವುದಿಲ್ಲ, ಬರುವ ಸ್ಥಿತಿಗೆ ಮೊದಲು ಹೋಗಬೇಕು. ಹೊರಗೆ ಬರಬೇಕಾದರೆ ಆ ಸ್ಥಿತಿಯಿಂದ ಈಚೆ ಬಂದು ಬೇರೊಂದು ಮಾತು ಹೇಳಬೇಕು. ಅವನು ಪೇಟೆಗೆ ಹೋಗಿ ಬರುವಷ್ಟರಲ್ಲಿ ಅವಳು ಬರೆಯಬೇಕಾದದ್ದನ್ನು ಬರೆದಳು, ಹೊರಬರಲು ತಿಳಿಯಲಿಲ್ಲ. ಇದ್ದಬದ್ದ ಗುಂಡಿಗಳನ್ನೆಲ್ಲ ಒತ್ತಿದಳಂತೆ. ಏನು ಒತ್ತಿದರೂ ಅದು ಒಂದು ಕೂಗು ಹಾಕಿ ಅಲ್ಲೇ ಇರುತ್ತಿತ್ತಂತೆ. ಅಕ್ಕಿ ಉಕ್ಕಿ ಒಲೆ ಆರಿದ ವಾಸನೆ ಬಂದಾಗ ಗೋಡೆಯ ಸ್ವಿಚ್ಚನ್ನೇ ಆರಿಸಿದಳು. ಮರುದಿನ ಪೆಟ್ಟಿಗೆ ಎದ್ದೇಳುವಾಗ ಡಿಸ್ಕಿನ ಉದ್ದಕ್ಕೂ ತಪಾಸಣೆ ಮಾಡುತ್ತಾ ಗೊಣಗಿತು. ಅವನು ಅವಳನ್ನು ಕೂರಿಸಿ ವಿವರಿಸಿದ. ಬೈಯಲಿಲ್ಲ, ಅವನು ಬೈಯುವವನಲ್ಲ. ಸಂಸ್ಥೆಗೆ ಹೊಸದಾಗಿ ಸೇರಿದವರಿಗೆ ವಿವರಿಸುವ ಹಾಗೆ, ಕಾಗದದ ಮೇಲೆ ಚೌಕಗಳನ್ನು ಬರೆದು, ಬಾಣ ಹಾಕಿ, ಬರೆಯದೆ ಉಳಿದದ್ದು ಎಲ್ಲಿ ಇರುತ್ತದೆ, ಕರೆಂಟು ಹೋದರೆ ಯಾಕೆ ಅದು ಎಲ್ಲಿಯೂ ಇರುವುದಿಲ್ಲ ಎಂದು ತೋರಿಸಿದ. ಅವಳು ಕೈ ಕಟ್ಟಿಕೊಂಡು ಕೇಳಿದಳು. ಕೊನೆಗೆ, ಹೊರಗೆ ಬರುವ ದಾರಿಯನ್ನು ಒಳಗೆ ಹೋಗುವ ಮೊದಲೇ ಹೇಳಬಾರದಾ ನೀವು, ಎಂದಳು. ಅದನ್ನು ಅವನು ತಮಾಷೆ ಎಂದುಕೊಂಡ. ಸಂಸ್ಥೆಯಲ್ಲಿ ಹೇಳಿ ನಗಿಸಿದ ಕೂಡ.

ಕೊಲ್ಲಂ ದಾಟಿದ ಮೇಲೆ ಕಿಟಕಿಯಿಂದ ಕೊಳೆತ ಸಿಪ್ಪೆಯ ವಾಸನೆ ನುಗ್ಗಿತು. ಬಸ್ಸಿನ ಯಾರೂ ಮೂಗು ಮುಚ್ಚಲಿಲ್ಲ. ಭಾನುವಾರ ಸಂಜೆ ಅವಳ ಸೀರೆಯ ಅಂಚಿನಲ್ಲಿ ಬರುತ್ತಿದ್ದದ್ದು ಇದೇ ವಾಸನೆ. ಸ್ನಾನಕ್ಕೆ ಹೋಗುವ ಮೊದಲು ಅವಳು ಅದೇ ಸೀರೆಯಲ್ಲಿ ಕೂತು, ದಂಡೆಯಿಂದ ಎಷ್ಟು ದೂರದಲ್ಲಿ ಮೊದಲ ಜೀವಂತ ಚಿಪ್ಪು ಸಿಕ್ಕಿತೆಂದು ನಿಶಾಳಿಗೆ ಹೇಳುತ್ತಿದ್ದಳು. ಅವನಿಗೂ ಕೇಳಲೆಂದೇ ಸ್ವಲ್ಪ ದೊಡ್ಡ ದನಿಯಲ್ಲಿ. ಅವನು ಕಂಪ್ಯೂಟರಿನ ಮುಂದಿರುತ್ತಿದ್ದ. ಕೆಲಸಕ್ಕೆ ಅರ್ಜಿ ಹಾಕುತ್ತೇನೆ ಎಂದಾಗ ಅವನು ಬೇಡ ಎನ್ನಲಿಲ್ಲ. ಬೇಡ ಎನ್ನುವ ಗಂಡಸು ತಾನಲ್ಲ ಎಂದು ಅವನಿಗೆ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ನಿಶಾಳಿಗೆ ಮುಂದಿನ ವರ್ಷ ಹತ್ತನೇ ಕ್ಲಾಸು ಎಂದು ಮಾತ್ರ ಹೇಳಿದ. ಶುಕ್ರವಾರ ಸಂಜೆಯ ರೈಲಿಗೆ ಬರ್ತೇನಲ್ಲ ಎಂದಳು. ಹಾಕು ಎಂದ. ಆ ಹಾಕು ಎಂಬ ಮಾತು ಬಾಯಿಯಿಂದ ಹೊರಟದ್ದೇ ಒಳಗೆಲ್ಲೋ ಬರೆಯದೆ ಉಳಿದ ಏನೋ ಒಂದು ಕಾದು ಕೂತಿತು.

ನಿನ್ನೆ ಸಂಜೆ. ಅವನು ಬೆತ್ತದ ಕುರ್ಚಿಯಲ್ಲಿ ಒಂದು ಜರ್ನಲ್ ಹಿಡಿದು ಕೂತಿದ್ದ. ಸಂಸ್ಥೆಯಿಂದ ಬಂದೊಡನೆ ಫ್ಲಾಪಿಯನ್ನು ಕೂಡಿಸಿಕೊಟ್ಟಿದ್ದ. ಅವಳು ಫೈಲು ಕಳಿಸಿದಳು. ಬೆನ್ನ ಹಿಂದೆ ಕೀಲಿಗಳ ಸದ್ದು ನಿಂತಿತು. "ತೆಗೆಯುದಾ?" ಎಂದಳು. ಅವನು ಏಳಬೇಕಾಗಿತ್ತು. ಕುರ್ಚಿಯಿಂದ ಕಂಪ್ಯೂಟರಿಗೆ ಕೈ ಚಾಚುವಷ್ಟು ದೂರವೂ ಇರಲಿಲ್ಲ. ಅವನು ತಿರುಗದೆ "ಹೂಂ" ಎಂದ. ಫ್ಲಾಪಿ ಹೊರಬಂದ ಟಕ್ ಎಂಬ ಸದ್ದು ಕೇಳಿತು. ಬಸ್ಸು ಇಲ್ಲಿ ಯಾವುದೋ ಸೇತುವೆಯ ಮೇಲೆ ಕುಲುಕಿ, ಮಲಗಿದ್ದವನ ತಲೆ ಎದ್ದು ಮತ್ತೆ ಬಿತ್ತು. ಗಮನ ಜರ್ನಲ್ಲಿನಲ್ಲಿತ್ತು, ಅಷ್ಟೆ. ಯಾರಿಗಾದರೂ ಆಗುವಂಥದ್ದು. ಹಾಗೆಂದು ಬೆಳಗ್ಗೆಯಿಂದ ಹೇಳಿಕೊಳ್ಳುತ್ತಾ ಬಂದಿದ್ದ. ಹರಿಪ್ಪಾಡ್ ದಾಟುವವರೆಗೂ ಅದು ಗಟ್ಟಿಯಾಗಿಯೇ ನಿಂತಿತ್ತು. ಆಮೇಲೆ ಯಾವುದೋ ಸ್ಟಾಪಿನಲ್ಲಿ ಡ್ರೈವರು ಇಂಜಿನ್ ಆರಿಸಿ ಇಳಿದುಹೋದ. ಆ ಮೌನದಲ್ಲಿ ಸದ್ದು ಕೇಳಿಸಿತು.

ಫ್ಲಾಪಿ ಹೊರಬಂದು ಸ್ವಲ್ಪ ಹೊತ್ತಾದ ಮೇಲೆ, ಅವಳ ಹೆಜ್ಜೆಗಳು ಬಾಗಿಲ ಕಡೆ ಹೋದಮೇಲೆ, ಪೆಟ್ಟಿಗೆ ತನ್ನ ಬಿಡುವು ಬಂತೆಂದು ಬರೆಯಲು ಹೊರಟಿತ್ತು. ಖಾಲಿ ಡ್ರೈವು ತಿರುಗಿತು. ಗೊರ್ ಎಂದು ತಡಕಿತು, ನಿಂತಿತು, ಮತ್ತೆ ತಡಕಿತು. ಕತ್ತಲೆಯಲ್ಲಿ ಪಕ್ಕದ ಹಾಸಿಗೆ ತಡವಿದ ಹಾಗೆ. ಆ ಸದ್ದನ್ನು ಬೇರೆ ಯಾವುದೆಂದೂ ತಿಳಿಯುವ ಹಾಗಿರಲಿಲ್ಲ. ಜನಾರ್ದನ ಅದನ್ನು ಕೇಳಿದ್ದ. ಏನೆಂದು ಅವನಿಗೆ ಗೊತ್ತಿತ್ತು. ಈಗ ಎದ್ದರೆ ಆಯಿತು, ಕರೆದು ಇನ್ನೊಮ್ಮೆ ಹಾಕು ಎಂದರೆ ಆಯಿತು ಎನ್ನುವುದೂ ಗೊತ್ತಿತ್ತು. ಅವನು ಜರ್ನಲ್ಲಿನ ಪುಟ ತಿರುಗಿಸಿದ. ಆ ಪುಟದಲ್ಲಿ ಏನಿತ್ತೆಂದು ಈಗ ನೆನಪಿಲ್ಲ. ಪುಟ ತಿರುಗಿಸಿದ ಸದ್ದು ಮಾತ್ರ ನೆನಪಿದೆ. ಸ್ವಲ್ಪ ಹೊತ್ತಿಗೆ ಕುಸುಮಾವತಿ, ಸೀತಮ್ಮನವರ ಸ್ಟೀಲು ಡಬ್ಬಿ ಕೊಟ್ಟುಬರ್ತೇನೆ ಎಂದು ಚಪ್ಪಲಿ ಮೆಟ್ಟಿ ಹೋದಳು. ಬರಲು ತಡವಾಯಿತು. ಇಬ್ಬರು ಹೆಂಗಸರು ಸೇರಿದರೆ ಹಾಗೆಯೇ ಎಂದುಕೊಂಡಿದ್ದ.

ಎರ್ನಾಕುಲಂನಲ್ಲಿ ಇಳಿದಾಗ ಭುಜ ಜೋಮು ಹಿಡಿದಿತ್ತು. ಆಟೋದವನಿಗೆ ಕಚೇರಿಯ ಹೆಸರು ಹೇಳಿದರೆ, ಮೀನಿನ ಆಫೀಸಾ ಎಂದು ಕೇಳಿದ. ಹೌದು ಎಂದ. ದಾರಿಯುದ್ದಕ್ಕೂ ಒಂದೇ ವಾಕ್ಯವನ್ನು ಸಿದ್ಧಪಡಿಸಿದ. ನನ್ನ ತಪ್ಪು ಎಂದು ಶುರುಮಾಡಿದರೆ ಎಷ್ಟು ತಪ್ಪು ಎಂದು ಹೇಳಬೇಕಾಗುತ್ತದೆ. ಮೆಷಿನಿನ ತಪ್ಪು ಎಂದರೆ ನಾಲಗೆ ಏಳುವುದಿಲ್ಲ. ಮೆಷಿನ್ನು ಏನೂ ತಪ್ಪು ಮಾಡಿರಲಿಲ್ಲ, ತನಗೆ ಏನಾಯಿತೆಂದು ಅದು ಸಾಲುಸಾಲಾಗಿ ಬರೆದಿಟ್ಟಿತ್ತು. ಕೊನೆಗೆ, ಗಮನಿಸಲಿಲ್ಲ ಎನ್ನುವುದೆಂದು ನಿರ್ಧರಿಸಿದ. ಅದರಲ್ಲಿ ಸುಳ್ಳೂ ಸ್ವಲ್ಪವೇ ಇತ್ತು, ಅವಮಾನವೂ ಸ್ವಲ್ಪವೇ ಇತ್ತು.

ಕಾರಿಡಾರಿನ ಬೆಂಚಿನಲ್ಲಿ ಕುಸುಮಾವತಿ ಒಬ್ಬ ಹುಡುಗಿಯ ಜೊತೆ ಕೂತು ಡಬ್ಬಿಯ ಮುಚ್ಚಳದಲ್ಲಿ ಚಿತ್ರಾನ್ನ ಹಂಚಿಕೊಂಡು ತಿನ್ನುತ್ತಿದ್ದಳು. ಏನಕ್ಕೋ ನಗುತ್ತಿದ್ದಳು. ಅಷ್ಟು ದೂರದಿಂದ ಅವಳು ಅವನಿಗೆ ಪರಿಚಯವಿಲ್ಲದ ಯಾರೋ ಉದ್ಯೋಗಸ್ಥೆಯಂತೆ ಕಂಡಳು. ಅವನನ್ನು ನೋಡಿದ್ದೇ ನಗು ನಿಂತು ಎದ್ದಳು.

"ಎಂತ? ನಿಶಾಗೆ ಎಂತಾಯ್ತು?"

"ಅವಳಿಗೆ ಎಂತದೂ ಇಲ್ಲ." ಜೇಬಿನಿಂದ ಫ್ಲಾಪಿ ತೆಗೆದು ಚಾಚಿದ. "ನೀನು ತಂದ ಫ್ಲಾಪಿ ಖಾಲಿ. ಅದರಲ್ಲಿ ಬರೆದೇ ಇಲ್ಲ. ಬೆಳಗ್ಗೆ ನೋಡಿದೆ."

ಅವಳು ತೆಗೆದುಕೊಳ್ಳಲಿಲ್ಲ. ಕೈಯಲ್ಲಿ ಅನ್ನದ ಅಗುಳಿತ್ತು. ಎಡಗೈಯಿಂದ ಚೀಲದೊಳಗಿನ ಕಾಗದದ ಕಟ್ಟನ್ನು ಅರ್ಧ ಎಳೆದು ತೋರಿಸಿದಳು. ಸಾರಾಂಶ, ಬೇಕಾದಷ್ಟು ಪ್ರತಿಗಳು, ಪಿನ್ ಹಾಕಿ ಜೋಡಿಸಿದ್ದು. ಅಕ್ಷರ ಶ್ರೀಪತಿಯ ಮನೆಯ ಅಕ್ಷರ, ಕರೆಯೋಲೆಯಲ್ಲಿದ್ದದ್ದು. ಗುಲಾಬಿ ಬಳ್ಳಿ ಮಾತ್ರ ಇರಲಿಲ್ಲ.

ಬರೆದದ್ದೆಲ್ಲ ಮೊದಲಿನಿಂದಲೂ ಅಲ್ಲೇ ಎಂದು ಹೇಳಿದಳು. ಮಧ್ಯಾಹ್ನ ಶಾಲೆಯಿಂದ ಬರುವಾಗ ಅಲ್ಲಿಗೆ ಹೋಗಿ ಬರೆಯುವುದು, ಆಮೇಲೆ ಮನೆಯಲ್ಲಿ ನೋಡಿಕೊಂಡು ಹೊಡೆಯುವುದು. ಎರಡು ಸಲ ಹೊಡೆದರೆ ತಪ್ಪೂ ಸಿಗುತ್ತಿತ್ತು. "ಇಲ್ಲದಿದ್ರೆ ನಿಮಗೆ ಬೇಜಾರಾಗ್ತಿತ್ತಲ್ಲ. ಸೀತಮ್ಮ ಕುಶಾಲು ಮಾಡ್ತಾರೆ, ನಿಮ್ಮೆಜಮಾನ್ರು ರಾಕೆಟ್ ಹಾರಿಸ್ತಾರೆ, ನಿಮಗೊಂದು ಕಾಗ್ದ ಪ್ರಿಂಟ್ ಮಾಡ್ಲಿಕ್ಕೆ ನಮ್ಮನೆಗೇ ಬರ್ಬೇಕಾ ಅಂತ."

ಪಕ್ಕದ ಹುಡುಗಿ ಭಾಷೆ ತಿಳಿಯದೆ ಇಬ್ಬರನ್ನೂ ನೋಡಿ ನಕ್ಕಳು. ಅವನೂ ನಕ್ಕ. ಎಷ್ಟು ತಿಂಗಳು ಅವಳು ಅವನಿಗಾಗಿ ಹೊರಬರಲು ತಿಳಿಯದವಳಂತೆ ಆ ಪೆಟ್ಟಿಗೆಯ ಮುಂದೆ ಕೂತಿದ್ದಳು, ಎಷ್ಟು ಸಲ ತೆಗೆಯುದಾ ಎಂದು ಕೇಳಿದ್ದಳು ಎಂದು ಅವನ ಮನಸ್ಸು ಹಿಂದಕ್ಕೆ ಹಿಂದಕ್ಕೆ ಓಡಿತು. ಆ ಕೇಳುವಿಕೆಯೆಲ್ಲ ಗಂಡನ ಸಮಾಧಾನಕ್ಕೆ ಬೆಳಗಿದ ದೀಪ. ಸಿದ್ಧಪಡಿಸಿದ ವಾಕ್ಯ ಮಾತ್ರ ಇನ್ನೂ ಬಾಯಲ್ಲಿತ್ತು. ಅದನ್ನು ಇಳಿಸದೆ ವಿಧಿಯಿರಲಿಲ್ಲ.

"ನಿನ್ನೆ ನಾನು ಗಮನಿಸಲಿಲ್ಲ. ಓದ್ತಾ ಇದ್ದೆ. ಸುಮ್ಮನೆ ಹೂಂ ಅಂದುಬಿಟ್ಟೆ."

ಅವಳು ಡಬ್ಬಿಯ ಮುಚ್ಚಳ ಹಾಕಿದಳು. ನಲ್ಲಿಗೆ ಹೋಗಿ ಕೈ ತೊಳೆದು, ಸೆರಗಿನಲ್ಲಿ ಒರೆಸಿಕೊಂಡು ಬಂದಳು.

"ಡ್ರೈವ್ ತಿರುಗಿದ್ದು ನನಗೂ ಕೇಳಿತು," ಎಂದಳು. ಮೆಲ್ಲಗೆ, ಹುಡುಗಿಗೆ ಕೇಳಬಾರದೆಂಬಂತೆ. "ನೀವು ಚೌಕ ಬರೆದು ಹೇಳಿದ್ದಿರಲ್ಲ, ಅದು ಎಂತ ಅಂತ ಗೊತ್ತಾಯ್ತು. ಬಾಗಿಲ ಹತ್ರವೇ ನಿಂತಿದ್ದೆ. ನೀವು ಏಳ್ತೀರಾ ಅಂತ ನೋಡಿದೆ."

ಅವನು ಚಾಚಿದ್ದ ಫ್ಲಾಪಿಯನ್ನು ಹಿಂದಕ್ಕೆಳೆದುಕೊಂಡ.

"ಎದ್ದಿದ್ರೆ ಪ್ರಿಂಟ್ ಮಾಡ್ಲಿಕ್ಕೆ ಅಲ್ಲಿಗೆ ಹೋಗ್ತಿರಲಿಲ್ಲ. ಆ ಫ್ಲಾಪಿಯನ್ನೇ ತರ್ತಿದ್ದೆ." ಅವಳ ದನಿಯಲ್ಲಿ ಕೋಪವಿರಲಿಲ್ಲ. ಕಾಯಲಿನಿಂದ ಬಂದ ಸಂಜೆ, ಇಷ್ಟು ದೂರದಲ್ಲಿ ಸಿಕ್ಕಿತು ಎಂದು ಹೇಳುತ್ತಿದ್ದ ದನಿಯೇ. "ಹಾಗೆ ಅಂದ್ಕೊಂಡಿದ್ದೆ."

ಬಾಗಿಲು ತೆರೆದು ಒಬ್ಬಾತ ಅವಳ ಹೆಸರನ್ನು ಮಲಯಾಳದ ಎಳೆತದಲ್ಲಿ ಕರೆದ. ಅವಳು ಕಾಗದದ ಕಟ್ಟು ಎತ್ತಿಕೊಂಡಳು. ನೆರಿಗೆ ಸರಿಮಾಡಿಕೊಂಡಳು. ನೀವು ಕಾಯಬೇಡಿ, ಹೊರಡಿ ಎಂದಳು. ನಿಶಾ ಶಾಲೆ ಬಿಟ್ಟು ಸೀತಮ್ಮನ ಮನೆಗೆ ಹೋಗ್ತಾಳೆ, ಬೀಗದ ಕೈ ಅಲ್ಲೇ ಕೊಟ್ಟಿದ್ದೇನೆ, ರಾತ್ರಿಗೆ ಹುಳಿ ಮಾಡಿಟ್ಟಿದ್ದೇನೆ. ಎಲ್ಲವೂ ಅವನಿಲ್ಲದೆ ನಡೆಯುವ ಹಾಗೆ ಏರ್ಪಾಡಾಗಿತ್ತು. ಬಾಗಿಲು ಮುಚ್ಚಿತು.

ಹುಡುಗಿ ಬೆಂಚಿನ ತುದಿಗೆ ಸರಿದು ಜಾಗ ಕೊಟ್ಟಳು. ಜನಾರ್ದನ ಕೂತ. ಫ್ಲಾಪಿ ಇನ್ನೂ ಕೈಯಲ್ಲಿತ್ತು. ಅದರ ತಗಡಿನ ಮುಚ್ಚಳವನ್ನು ಬೆರಳಿನಿಂದ ಸರಿಸಿದ, ಬಿಟ್ಟ, ಅದು ತಾನಾಗಿ ಮುಚ್ಚಿಕೊಂಡಿತು. ಇದರಲ್ಲಿ ಎಲ್ಲವೂ ಸರಿಯಾಗಿ ಬರೆದಿತ್ತು, ಒಂದು ಅಕ್ಷರವೂ ಬಿಡದೆ. ಕರೆದವನು ಹಿಂದಿರುಗಿ ಬಂದು, ಸಾರೂ ಇಂಟರ್‌ವ್ಯೂಗಾ ಎಂದು ಕೇಳಿದ. ಅಲ್ಲ ಎಂದ. ಹಾಗಾದರೆ ಯಾರಿಗಾಗಿ ಎಂದು ಕೇಳಿದ್ದಕ್ಕೆ ಒಳಗಿನ ಕಡೆ ಕೈ ತೋರಿಸಿದ. ಬಾಗಿಲಾಚೆಯಿಂದ ಅವಳ ದನಿ ಬರತೊಡಗಿತು. ಇಂಗ್ಲಿಷಿನಲ್ಲಿ, ಮೊದಲು ಸ್ವಲ್ಪ ಅವಸರವಾಗಿ, ಆಮೇಲೆ ಸಾವಕಾಶವಾಗಿ. ದಂಡೆ ಎಂದಳು, ಸಿಪ್ಪೆ ಎಂದಳು, ಯಾರೋ ಏನೋ ಕೇಳಿದರು, ಅವಳು ಹೇಳಿದಳು, ಕೇಳಿದವರು ನಕ್ಕರು. ಅವನು ಮುಂದಕ್ಕೆ ಬಾಗಿ ಕಿವಿಗೊಟ್ಟು ಕೇಳುತ್ತಿದ್ದ. ಎಲ್ಲಿಯಾದರೂ ದನಿ ತಡವರಿಸೀತು, ಒಂದು ಕ್ಷಣ ನಿಂತೀತು. ನಿಲ್ಲಲಿಲ್ಲ. ಬಹಳ ಹೊತ್ತು ಹಾಗೆ ಕೇಳಿದ ಮೇಲೆ, ತಾನು ಕಾಯುತ್ತಿರುವುದು ಆ ತಡವರಿಕೆಗೇ ಎಂದು ಅವನಿಗೆ ತಿಳಿಯಿತು. ಅವಳು ಹೊರಗೆ ಬರುವ ಮೊದಲು ಎದ್ದು ಹೋಗಬೇಕು ಎಂದುಕೊಂಡ. ಏಳಲಿಲ್ಲ.